ಮನೆಮಾತಿಗೆ ರಜೆ

ಬಾಗಿಲಲ್ಲಿ ನಿಂತವನು ಏನೋ ಹೇಳಲು ಬಾಯಿ ತೆರೆದು ಹಾಗೇ ನಿಂತುಬಿಟ್ಟ. ಮೇಷ್ಟ್ರು ಮನಸ್ಸಿನಲ್ಲೇ ಎಣಿಸತೊಡಗಿದರು. ಒಂದು, ಎರಡು, ಮೂರು.

ಇದು ಅವರ ಪದ್ಧತಿ. ಹೊಸ ಭಾಷೆ ಕಲಿಯುವವನು ತಡವರಿಸಿದರೆ ಐದು ಎಣಿಸುವ ತನಕ ಮೇಷ್ಟ್ರಾದವನು ತುಟಿ ಬಿಚ್ಚಬಾರದು. ಅಯ್ಯೋ ಪಾಪ ಎಂದು ಮಾತು ಎತ್ತಿಕೊಟ್ಟರೆ ಅವನು ಜನ್ಮಕ್ಕೂ ಕಲಿಯುವುದಿಲ್ಲ. ಹದಿನಾರು ವರ್ಷ ಪಾಠ ಹೇಳಿ ಹೇಳಿ ಈ ಎಣಿಕೆ ಎಷ್ಟು ಅಂಟಿಕೊಂಡಿತ್ತೆಂದರೆ, ಮನೆಯಲ್ಲಿ ಹೆಂಡತಿ ಅಳುವಾಗಲೂ ಅವರು ಎಣಿಸುತ್ತಿದ್ದರು. ಎಷ್ಟೋ ಸಲ ಐದರೊಳಗೇ ಅವಳು ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದಳು.

ನಾಲ್ಕಕ್ಕೆ ಬಾಗಿಲಿನವನು ಮಾತಾಡಿದ.

"ನಾನು... ಇಸ್ತ್ರಿ ಗಂಡ."

ಹೇಳಿದ್ದು ಸರಿಬರಲಿಲ್ಲವೆಂದು ಅವನಿಗೇ ಗೊತ್ತಾಯಿತು. ಬಲಗೈಯಿಂದ ಗಾಳಿಗೆ ಇಸ್ತ್ರಿ ಹಾಕಿ ತೋರಿಸಿದ. "ಹೆಂಡತಿ. ಆಸ್ಪತ್ರೆ. ಬಟ್ಟೆ. ಇಲ್ಲಿ ಓದು."

ಮೇಷ್ಟ್ರಿಗೆ ಗೊತ್ತಾಯಿತು. ಅವರ ತರಗತಿಯಲ್ಲಿ ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು ಒಬ್ಬಳೇ. ಎಲ್ಲರೂ ಅವಳನ್ನು ಇಸ್ತ್ರಿಯಮ್ಮ ಎನ್ನುತ್ತಿದ್ದರು. ಇವನು ಅವಳ ಗಂಡ. ಮೈಮೇಲೆ ಬಸ್ ಡಿಪೋದ ನೀಲಿ ಅಂಗಿ, ಉಗುರಿನ ಸಂದಿಯಲ್ಲಿ ಟೈರಿನ ಕರಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓಡಿ ಬಂದಿರಬೇಕು, ಇನ್ನೂ ಏದುಸಿರು ನಿಂತಿರಲಿಲ್ಲ. ಅವನ ಕಾಲಿನ ಹಿಂದಿನಿಂದ ನಾಲ್ಕು ವರ್ಷದ ಹುಡುಗಿಯೊಂದು ಇಣುಕಿ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಆಮೇಲೆ ಅಪ್ಪನ ಅಂಗಿ ಜಗ್ಗಿ ತಮ್ಮ ಮನೆಮಾತಿನಲ್ಲಿ ಕೇಳಿತು.

"ಅಪ್ಪಾ, ಅಮ್ಮನ ಬಾಯಿ ಮುಚ್ಚಿಸಿದ್ದು ಇವ್ರೇನಾ?"

"ಶ್! ಸುಮ್ನಿರು ಪುಟ್ಟೀ. ಅವರಿಗೆ ನಮ್ಮ ಮಾತು ಬರಲ್ಲ, ಆದ್ರೂ ಹಂಗೆಲ್ಲ ಅನ್ಬಾರ್ದು."

ಮೇಷ್ಟ್ರಿಗೆ ಆ ಮಾತು ಬರುತ್ತಿತ್ತು. ಅದು ಅವರದೂ ಮನೆಮಾತೇ. ಅದರಲ್ಲೇ ಅವರ ತಾಯಿ ಅವರನ್ನು ಬೈದು ಬೆಳೆಸಿದ್ದಳು. ಇಪ್ಪತ್ತೆರಡು ವರ್ಷದಿಂದ ಅವರು ಅದನ್ನು ಆಡಿರಲಿಲ್ಲ, ಅಷ್ಟೇ.

ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಈ ನಗರಕ್ಕೆ ಬಂದ ಮೊದಲ ದಿನ ಯಾವುದೋ ಕಚೇರಿಯ ಕಿಟಕಿಯೆದುರು ನಿಂತು ಅವರೊಂದು ವಾಕ್ಯ ಹೇಳಿದ್ದರು. ಒಳಗಿದ್ದ ಗುಮಾಸ್ತ ನಕ್ಕ. ಸಾಲಿನಲ್ಲಿ ಹಿಂದೆ ನಿಂತ ಮೂವರೂ ನಕ್ಕರು. ನಕ್ಕವರಲ್ಲಿ ದ್ವೇಷವೇನೂ ಇರಲಿಲ್ಲ, ಅದೇ ಮೇಷ್ಟ್ರಿಗೆ ಹೆಚ್ಚು ನೋವಾದದ್ದು. ಬಾಡಿಗೆ ಕೋಣೆಗೆ ಬಂದವರೇ ಒಂದು ನೋಟುಬುಕ್ಕು ತೆರೆದು ಗೆರೆ ಹೊಡೆದರು. ಇವತ್ತಿನ ಗುರಿ. ಹೇಗೆ. ಆಯಿತೆ. ನಾಳೆ ಏನು ಬದಲು. ಮೇಲೆ ದಪ್ಪಕ್ಷರದಲ್ಲಿ ಬರೆದರು: ನೂರು ದಿನ ಮನೆಮಾತಿಗೆ ರಜೆ. ಹಲ್ಲು ಕಚ್ಚಿ ನೂರು ದಿನ ಕಳೆದರು. ಭಾಷೆ ಬಂತು. ರಜೆಗೆ ಕಳಿಸಿದ್ದನ್ನು ವಾಪಸು ಕರೆಯಲು ಮರೆತರು. ಈಗ ಅವರೇ ಈ ಸಂಸ್ಥೆಯಲ್ಲಿ, ನಗರಕ್ಕೆ ಕೆಲಸ ಹುಡುಕಿಕೊಂಡು ಬಂದ ಹೊರಗಿನವರಿಗೆ ನಗರದ ಭಾಷೆ ಕಲಿಸುವ ಮೇಷ್ಟ್ರು. ಅವರು ಹೊರಗಿನಿಂದ ಬಂದವರೆಂದು ಸಹೋದ್ಯೋಗಿಗಳಿಗೂ ಗೊತ್ತಿಲ್ಲ. ಹೆಂಡತಿ ಇದೇ ನಗರದವಳು. "ನಿಮ್ಮ ಜೊತೆ ಜಗಳ ಆಡೋಕೂ ಬೇಜಾರು, ವಾರ್ತೆ ಓದೋರ ಜೊತೆ ಆಡಿದ ಹಾಗಿರುತ್ತೆ" ಎಂದು ಒಮ್ಮೆ ಹೇಳಿದ್ದಳು. ಅದನ್ನು ಮೇಷ್ಟ್ರು ಹೊಗಳಿಕೆಯೆಂದು ತಮ್ಮ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದರು.

"ಕೂತುಕೊಳ್ಳಿ. ಹೇಳಿ" ಎಂದರು ನಗರದ ಭಾಷೆಯಲ್ಲಿ, ನಿಧಾನವಾಗಿ, ಒಂದೊಂದು ಅಕ್ಷರ ಬಿಡಿಸಿ.

ಟೈರಿನವನು ಕೂರಲಿಲ್ಲ. ಎಡಗೈಯನ್ನು ಬಿಚ್ಚಿ ನೋಡಿಕೊಂಡ. ಅಂಗೈಯಲ್ಲಿ ಬಾಲ್ ಪೆನ್ನಿನಿಂದ ಏಳೆಂಟು ಪದ ಬರೆದುಕೊಂಡು ಬಂದಿದ್ದ. ಬೆವರಿಗೆ ಅರ್ಧ ಅಳಿಸಿಹೋಗಿದ್ದವು.

"ಮನೆ. ನಿಮ್ಮ ನಿಯಮ. ಅವಳು ನಮ್ಮ ಮಾತು ಇಲ್ಲ. ಎಂಬತ್ತು ಮೂರು ದಿನ. ನನಗೆ ಸರಿ. ನಾನು ದೊಡ್ಡ. ಪುಟ್ಟಿ ಚಿಕ್ಕ."

"ಹೂಂ."

"ಪುಟ್ಟಿ ಹೇಳು... ಪುಟ್ಟಿ ಹೇಳು..." ಅಂಗೈಯಲ್ಲಿ ಮುಂದಿನ ಪದ ಇರಲಿಲ್ಲ. ಅವನು ಸೂರು ನೋಡಿದ, ಗೋಡೆ ನೋಡಿದ, ಕೊನೆಗೆ ಮಗಳ ತಲೆಯ ಮೇಲೆ ಕೈಯಿಟ್ಟು ತನ್ನ ಮಾತಿನಲ್ಲಿ ತನ್ನಷ್ಟಕ್ಕೇ ಅಂದುಕೊಂಡ. "ಹೆಂಗೆ ಹೇಳ್ಲಿ ಈ ಮನುಷ್ಯಂಗೆ. ಅಕ್ಕಪಕ್ಕದವರ ಹತ್ರ ಎಲ್ಲ ಅಮ್ಮ ಊರಿಗೆ ಹೋಗಿದ್ದಾಳೆ ಅಂತ ಹೇಳ್ಕೊಂಡು ತಿರುಗ್ತಾಳಲ್ಲ. ಅಮ್ಮ ಎದುರಿಗೇ ನಿಂತಿರ್ತಾಳೆ. ಇವಳು ಅಮ್ಮ ಅಲ್ಲ, ಅಮ್ಮನ ಥರ ಇರೋಳು, ನಮ್ಮಮ್ಮ ಬಂದ್ಮೇಲೆ ಹೋಗ್ತಾಳೆ ಅಂತಾಳೆ. ಇದನ್ನ ಯಾವ ಭಾಷೇಲಿ ಹೇಳ್ಲಿ."

ಮೇಷ್ಟ್ರಿಗೆ ಅಷ್ಟೂ ಅರ್ಥವಾಯಿತು. ಈಗ ಒಂದೇ ಒಂದು ಮಾತು, ಗೊತ್ತಾಯ್ತಪ್ಪಾ ಎಂಬ ಒಂದು ಮಾತು ಮನೆಮಾತಿನಲ್ಲಿ ಹೇಳಿದ್ದರೆ ಆ ಮನುಷ್ಯನ ಪಾಡು ಮುಗಿಯುತ್ತಿತ್ತು. ಹೇಳಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸಿದರು.

"ಪುಟ್ಟಿ ಹೇಳು, ಅಮ್ಮ ಊರು ಹೋಗು." ಅವನು ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡು ಮತ್ತೆ ನುಗ್ಗಿದ. "ಅಮ್ಮ ಮನೆ ಇದೆ. ಪುಟ್ಟಿ ಹೇಳು, ಇದು ಅಮ್ಮ ಇಲ್ಲ. ಬೇರೆ ಅಮ್ಮ."

ಒಂದು ಕ್ರಿಯಾಪದವೂ ನೆಟ್ಟಗಿರಲಿಲ್ಲ. ಆದರೂ ಮೇಷ್ಟ್ರಿಗೆ, ಅವರ ಅಷ್ಟು ವರ್ಷದ ಅನುಭವದಲ್ಲಿ, ಇಷ್ಟು ಚೆನ್ನಾಗಿ ಮಾತಾಡಿದವರನ್ನು ಕೇಳಿದ ನೆನಪಾಗಲಿಲ್ಲ. ತರಗತಿಗೆ ಸೇರದ, ಪುಸ್ತಕ ಮುಟ್ಟದ ಮನುಷ್ಯ. ಬೇಕಾದ ಏಳೆಂಟು ಪದವನ್ನು ಯಾರ ಯಾರನ್ನೋ ಕೇಳಿ ಅಂಗೈ ಮೇಲೆ ಹೊತ್ತುಕೊಂಡು ಬಂದಿದ್ದಾನೆ.

"ಇನ್ನು ಹದಿನೇಳೇ ದಿನ" ಎಂದರು ಮೇಷ್ಟ್ರು.

"ಹದಿನೇಳು ನಿಮಗೆ ಚಿಕ್ಕ. ಪುಟ್ಟಿಗೆ ದೊಡ್ಡ." ಅವನು ಒಂದು ಹೆಜ್ಜೆ ಮುಂದೆ ಬಂದ. "ಅವಳು ನನ್ನ ಮಾತು ಕೇಳು ಇಲ್ಲ. ನಿಮ್ಮ ಮಾತು ಕೇಳು. ನೀವು ಹೇಳಿ. ದಿನ ಒಂದು ಗಂಟೆ. ಪುಟ್ಟಿ ಮಲಗು ಮೊದಲು. ಒಂದು ಕಥೆ ನಮ್ಮ ಮಾತು. ಸಾಕು."

"ಹೇಳುತ್ತೇನೆ."

"ಇವತ್ತು?"

"ಇವತ್ತೇ."

ಟೈರಿನವನು ಎದೆಯ ಮೇಲೆ ಕೈಯಿಟ್ಟುಕೊಂಡ. ಐದು ಗಂಟೆಗೆ ಗೇಟಿನ ಹತ್ತಿರ ಕಾಯುತ್ತೇವೆ ಎಂದು ಬೆರಳಿನಲ್ಲೂ ಮಾತಿನಲ್ಲೂ ಹೇಳಿ ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಇಳಿಯುತ್ತ ಮಗುವಿಗೆ ಹೇಳಿದ್ದು ಮೇಷ್ಟ್ರಿಗೆ ಕೇಳಿಸಿತು. "ಒಳ್ಳೇ ಮನುಷ್ಯ ಕಣೇ. ಏನ್ ಹೇಳಿದ್ರೂ ಕಾದು ಕೇಳ್ತಾರೆ."

ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಡಬ್ಬಿಯಲ್ಲಿದ್ದ ಊಟ ಹಾಗೇ ಇತ್ತು. ಮೂರು ಗಂಟೆಗೆ ಮೇಲಿನ ಕಚೇರಿಯ ಸಾಹೇಬರು ತನಿಖೆಗೆ ಬರುವವರಿದ್ದರು. ಸಾಹೇಬರಿಗೆ ತೋರಿಸಬೇಕೆಂದು ಇಸ್ತ್ರಿಯಮ್ಮನ ನೋಟುಬುಕ್ಕನ್ನೇ ಮೇಷ್ಟ್ರು ಆರಿಸಿ ಮೇಜಿನ ಮೇಲಿಟ್ಟಿದ್ದರು. ಬೇರೆ ಯಾವುದನ್ನು ಆರಿಸಲು ಸಾಧ್ಯವಿತ್ತು?

ತರಗತಿಯಲ್ಲಿ ಮೂವತ್ತೊಂದು ಜನ. ಎಲ್ಲರೂ ಮನೆಮಾತಿಗೆ ರಜೆ ಎಂದು ಸಹಿ ಹಾಕಿದ್ದರು. ಮೂವತ್ತು ಜನ ಅದೇ ಸಂಜೆ ಅದನ್ನು ಗಾಳಿಗೆ ತೂರಿದ್ದರು. ಮೇಷ್ಟ್ರಿಗೆ ಅದು ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇರುತ್ತಿದ್ದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬುದನ್ನು ಎಲ್ಲ ಮೇಷ್ಟ್ರುಗಳೂ ಒಪ್ಪಿಕೊಂಡೇ ಸಂಬಳ ಎಣಿಸುತ್ತಾರೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವರು ಬಂದಾಗ ಅವರಿಗೆ ಕೈಕಾಲು ಆಡುವುದಿಲ್ಲ.

ಇಸ್ತ್ರಿಯಮ್ಮ ಹಾಗೆ ಬಂದವಳು. ಮೊದಲ ದಿನ, ಯಾಕೆ ಕಲಿಯುತ್ತಿದ್ದೀರಿ ಎಂಬ ಪ್ರಶ್ನೆಯೆದುರು ಉಳಿದವರೆಲ್ಲ 'ಕೆಲಸಕ್ಕೆ' ಎಂದು ಬರೆದಿದ್ದರು. ಅವಳು ಪಕ್ಕದವರ ಕೈಯಿಂದ ಬರೆಸಿದ್ದಳು: 'ಹೆರಿಗೆಯಾದಾಗ ಡಾಕ್ಟರು ಏನೋ ಕೇಳಿದರು. ಅರ್ಥವಾಗದೆ ತಲೆಯಾಡಿಸಿದೆ. ಇನ್ನೊಂದು ಸಲ ಅರ್ಥವಾಗದ್ದಕ್ಕೆ ತಲೆಯಾಡಿಸಬಾರದು.' ಅದನ್ನು ಓದಿದ ದಿನ ಮೇಷ್ಟ್ರು ಮನೆಗೆ ನಡೆದುಕೊಂಡೇ ಹೋಗಿದ್ದರು. ಬಸ್ಸು ಹತ್ತಬೇಕೆಂಬುದು ನೆನಪಾಗಿರಲಿಲ್ಲ.

ಈಗ ಪುಟ ತಿರುಗಿಸಿದರು. ಹತ್ತು ಸಲ ಓದಿದ್ದರೂ ಮತ್ತೆ ಓದಬೇಕೆನಿಸುವ ಪುಸ್ತಕ. ಪದಗಳ ಪಟ್ಟಿ ಬಾಯಿಪಾಠ ಮಾಡುವುದು ಅವಳ ಜಾಯಮಾನವಲ್ಲ. ದಿನಕ್ಕೊಂದು ಕೆಲಸ ಹಿಡಿದುಕೊಳ್ಳುತ್ತಿದ್ದಳು. ಅಂಗಡಿಯಲ್ಲಿ ಬೆರಳು ತೋರಿಸದೆ ಗುಂಡಿ, ದಾರ ಕೊಳ್ಳುವುದು. ಆಯಿತು. ಬಸ್ಸಿನಲ್ಲಿ ಕಾಲು ತುಳಿದವನಿಗೆ ಬೈಯುವುದು. 'ಆಯಿತು. ಆದರೆ ಅವನು ತುಳಿದಿರಲಿಲ್ಲ. ತುಳಿಯುವವರು ಯಾರೂ ಸಿಗಲಿಲ್ಲ.' ಕೋಟಿನ ಜೇಬಿನಲ್ಲಿ ಪೆನ್ನು ಬಿಡಬೇಡಿ ಎಂದು ಡಾಕ್ಟರಿಗೇ ಹೇಳುವುದು. 'ಆಗಲಿಲ್ಲ. ಹೆದರಿಕೆ.' ಮಾರನೆಯ ದಿನ, 'ಆಗಲಿಲ್ಲ. ಅವರು ಓಡುತ್ತಿದ್ದರು.' ಅದರ ಮಾರನೆಯ ದಿನ, 'ಆಯಿತು. ನಾನೂ ಜೊತೆಗೆ ಓಡಿದೆ.'

ಆಮೇಲೆ ಬರುವುದು ಮೇಷ್ಟ್ರಿಗೆ ಬಹಳ ಇಷ್ಟದ ಪುಟಗಳು. ಗುರಿ: ಒಬ್ಬರನ್ನು ನಗಿಸುವುದು. ಯಾವ ಪಠ್ಯದಲ್ಲೂ ಇಲ್ಲದ ಗುರಿ. ಮೊದಲ ಸಲ, 'ನಗಲಿಲ್ಲ. ಪಾಪ ಎಂದರು.' ಎರಡನೆಯ ಸಲ, 'ನಕ್ಕರು. ನನ್ನ ಉಚ್ಚಾರ ಕೇಳಿ. ಇದು ಲೆಕ್ಕಕ್ಕಿಲ್ಲ.' ಹೀಗೆ ಹನ್ನೊಂದು ದಿನ. ಹನ್ನೆರಡನೆಯ ದಿನ, 'ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆ ಹಿಡಿದುಕೊಂಡರು. ನಾಳೆ ಏನು ಬದಲು: ಬದಲು ಬೇಡ.'

ಮೇಷ್ಟ್ರು ಈ ಇಪ್ಪತ್ತೆರಡು ವರ್ಷದಲ್ಲಿ ನಗರದ ಭಾಷೆಯಲ್ಲಿ ಯಾರನ್ನೂ ನಗಿಸಿರಲಿಲ್ಲ. ಅದೊಂದು ಕೆಲಸವೆಂದೇ ಅವರಿಗೆ ಹೊಳೆದಿರಲಿಲ್ಲ. ತಪ್ಪಿಲ್ಲದೆ ಮಾತಾಡುವುದು ಅವರ ಗುರಿಯಾಗಿತ್ತು, ಅದಾಯಿತು, ಅಲ್ಲಿಗೆ ಅವರ ನೋಟುಬುಕ್ಕು ನಿಂತಿತು. ಈ ಹೆಂಗಸಿಗೆ ಅವರು ಕಲಿಸಿದ್ದು ಗೆರೆ ಹೊಡೆಯುವುದನ್ನು ಮಾತ್ರ. ಗೆರೆಗಳ ನಡುವೆ ಒಂದು ಜೀವ ಓಡಾಡಬಹುದೆಂದು ಅವಳು ಅವರಿಗೆ ತೋರಿಸಿಕೊಟ್ಟಿದ್ದಳು. ಹೊಟ್ಟೆಕಿಚ್ಚು ಪಡಲೂ ಆಗದಷ್ಟು ಅವಳು ದೊಡ್ಡವಳಾಗಿ ಕಂಡಳು.

ಇವತ್ತು ಅವರು ಬೇರೇನೋ ಹುಡುಕುತ್ತಿದ್ದರು. ಆರನೆಯ ದಿನದ ಪುಟದಲ್ಲಿ ಸಿಕ್ಕಿತು. 'ಮಗಳು ಕಥೆ ಕೇಳಿದಳು. ಹೇಳಲಿಲ್ಲ. ಅತ್ತಳು. ನಿಯಮ ಮುರಿಯಲಿಲ್ಲ.' ಅದರ ಕೆಳಗೆ ಕೆಂಪು ಶಾಯಿಯಲ್ಲಿ ಮೇಷ್ಟ್ರ ದುಂಡಕ್ಷರ: 'ಭೇಷ್!'

ಆಮೇಲಿನ ಎಪ್ಪತ್ತೇಳು ಪುಟದಲ್ಲಿ ಮಗಳ ಸುದ್ದಿಯೇ ಇರಲಿಲ್ಲ.

ಸಾಹೇಬರು ಮೂರು ಗಂಟೆಗೆ ಬರಬೇಕಾದವರು ಮೂರೂವರೆಗೆ ಬಂದರು. ದಪ್ಪ ಹೊಟ್ಟೆ, ಹಣೆಯ ಮೇಲೆ ಏರಿಸಿದ ಕನ್ನಡಕ. ಓದಲು ಕನ್ನಡಕ ಇಳಿಸುವ ಬದಲು ತಲೆಯನ್ನೇ ಹಿಂದಕ್ಕೆ ಬಾಗಿಸಿ ನೋಡುವ ಅಭ್ಯಾಸ. ಎಲ್ಲದಕ್ಕೂ ಒಳ್ಳೇದು, ಒಳ್ಳೇದು ಎನ್ನುತ್ತಿದ್ದರು. ಮುಂದಿನ ಬೆಂಚಿನಲ್ಲಿ ಎದ್ದು ನಿಂತ ಇಸ್ತ್ರಿಯಮ್ಮನನ್ನು ಕೇಳಿದರು.

"ಎಂಬತ್ತಮೂರು ದಿನ ಮನೇಲಿ ಒಂದೇ ಒಂದು ಮಾತೂ ನಿಮ್ಮ ಭಾಷೇಲಿ ಆಡಿಲ್ವಾ? ನಂಬಬಹುದಾ?"

"ಕನಸಲ್ಲಿ ಆಡಿರಬಹುದು ಸಾರ್. ಅಲ್ಲಿ ಮೇಷ್ಟ್ರು ಇರಲ್ಲ."

ತರಗತಿ ನಕ್ಕಿತು. ಸಾಹೇಬರೂ ನಕ್ಕರು. ಮೇಷ್ಟ್ರಿಗೆ ಅವಳ ಬಗ್ಗೆ ಉಕ್ಕಿದ ಹೆಮ್ಮೆಗೆ ಎದೆ ನೋಯಿತು. ಸಾಹೇಬರು ನೋಟುಬುಕ್ಕನ್ನು ಮುಚ್ಚಿ, ಅದರ ಮೇಲೆ ಅಂಗೈ ಬಡಿದರು.

"ಇಂಥೋರು ಸಿಗಲ್ಲ ಮೇಷ್ಟ್ರೇ. ನೂರು ದಿನಕ್ಕೆ ಯಾಕೆ ನಿಲ್ಲಿಸ್ತೀರಿ? ಒಂದು ವರ್ಷ ಮಾಡಿಸಿ. ಮುಂದಿನ ಕೈಪಿಡಿಯಲ್ಲಿ ಈಕೆಯ ಪುಸ್ತಕಾನೇ ಹಾಕಿಸೋಣ. ಎಲ್ಲ ಊರಿನ ತರಗತಿಗಳಿಗೂ ಇದೇ ಮಾದರಿ. ಏನಂತೀರಿ?"

ಮೇಷ್ಟ್ರ ಬಾಯಲ್ಲಿ ವಾಕ್ಯ ಸಿದ್ಧವಾಗಿತ್ತು. ಈಕೆಗೆ ಚಿಕ್ಕ ಮಗು ಇದೆ ಸಾರ್. ವ್ಯಾಕರಣ ಸರಿ, ಉಚ್ಚಾರ ಸರಿ. ಅದನ್ನು ಹೇಳಲು ಯಾರ ಅಡ್ಡಿಯೂ ಇರಲಿಲ್ಲ.

"ನನಗೆ ಆಗುತ್ತೆ ಸಾರ್" ಎಂದಳು ಇಸ್ತ್ರಿಯಮ್ಮ ಅಷ್ಟರಲ್ಲಿ. "ಮೇಷ್ಟ್ರು ಹೂಂ ಅಂದ್ರೆ."

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಅವಳೂ ನೋಡಿದಳು. ಆ ನೋಟದಲ್ಲಿ ಏನಿತ್ತು, ಹೂಂ ಅನ್ನಿ ಎಂದಿತ್ತೋ ಬೇಡ ಅನ್ನಿ ಎಂದಿತ್ತೋ, ಅವರಿಗೆ ತಿಳಿಯಲಿಲ್ಲ. ತಿಳಿಯದೆಯೇ ತಲೆಯಾಡಿಸಿದರು.

"ಒಳ್ಳೇದು, ಒಳ್ಳೇದು" ಎಂದರು ಸಾಹೇಬರು.

ಸಾಹೇಬರು ಹೋದ ಮೇಲೆ ಮೇಷ್ಟ್ರು ತರಗತಿಗೆ ಏನೋ ಬರೆಯಲು ಕೊಟ್ಟು, ತಮ್ಮದೇ ನೋಟುಬುಕ್ಕು ತೆರೆದರು. ಕೈ ತನಗೆ ತಾನೇ ನಾಲ್ಕು ಗೆರೆ ಹೊಡೆಯಿತು. ಗುರಿ: ಅವಳಿಗೆ ಹೇಳುವುದು. ಹೇಗೆ: ಬಹಳ ಹೊತ್ತು ಈ ಜಾಗ ಖಾಲಿ ಇತ್ತು. ನಗರದ ಭಾಷೆಯಲ್ಲಿ ಹೇಳಿದರೆ ಅದು ಮೇಷ್ಟ್ರು ಹೇಳಿದ ಹಾಗಾಗುತ್ತದೆ. ಮಧ್ಯಾಹ್ನ ತಲೆಯಾಡಿಸಿದ ಮೇಷ್ಟ್ರು ಸಂಜೆ ಬೇಡವೆಂದರೆ ಅವಳು ಯಾವುದನ್ನು ನಂಬಬೇಕು? ನಿಯಮ ಮಾಡಿದವನೇ ನಿಯಮ ಮುರಿದು ನಿಲ್ಲಬೇಕು, ಆಗಲೇ ಅವಳಿಗೆ ಅದು ನಾಟುತ್ತದೆ. ಬರೆದರು: ಮನೆಮಾತಿನಲ್ಲಿ.

ಬರೆದ ಮೇಲೆ ಹುಡುಕಿದರು. ಮನೆಮಾತಿನ ಉಗ್ರಾಣದಲ್ಲಿ ತಾಯಿಯ ಬೈಗುಳಗಳು ಒಂದೂ ತಪ್ಪದೆ ಸಾಲಾಗಿ ಇದ್ದವು. ನಿನ್ನ ತಲೆಗಿಷ್ಟು, ನಿನ್ನ ಮುಖ ಮುಚ್ಚ, ಬಾ ಇಲ್ಲಿ ನಿನ್ನ ಚರ್ಮ ಸುಲೀತೀನಿ. ಒಳ್ಳೆಯ ಮಾತು, ಒಬ್ಬ ತಾಯಿಯ ಹತ್ತಿರ ಮೆಲ್ಲಗೆ ಹೇಳಬಹುದಾದ ಮಾತು, ಒಂದೂ ಸಿಗಲಿಲ್ಲ. ಇರಲಿಲ್ಲವೆಂದಲ್ಲ. ಅವನ್ನೆಲ್ಲ ತಾಯಿ ಅವರು ನಿದ್ದೆ ಹೋಗುವಾಗ ಆಡಿರಬೇಕು. ಕೊನೆಗೆ ಪದಗಳನ್ನು ಒಂದೊಂದಾಗಿ ಹೆಕ್ಕಿ, ಜೋಡಿಸಿ, ಎರಡು ವಾಕ್ಯ ಮಾಡಿಕೊಂಡರು. ತುಟಿಯಲ್ಲೇ ಆರು ಸಲ ಹೇಳಿಕೊಂಡರು. ಹಿಂದಿನ ಬೆಂಚಿನ ಬೇಕರಿಯವನು ಮೇಷ್ಟ್ರು ಜಪ ಮಾಡುತ್ತಿದ್ದಾರೆಂದು ಪಕ್ಕದವನಿಗೆ ಮೊಣಕೈಯಲ್ಲಿ ತಿವಿದ.

ಐದಕ್ಕೆ ಹತ್ತು ನಿಮಿಷವಿದ್ದಾಗ ತರಗತಿ ಖಾಲಿಯಾಯಿತು. ದಿನದ ಸಹಿಗಾಗಿ ಇಸ್ತ್ರಿಯಮ್ಮ ಎಂದಿನಂತೆ ಕೊನೆಗೆ ಉಳಿದಳು. ಅವಳ ಬಲಗೈ ಮಣಿಕಟ್ಟಿನಲ್ಲಿ ಇಸ್ತ್ರಿಪೆಟ್ಟಿಗೆ ತಾಕಿದ ಹೊಸ ಕಲೆಯೊಂದಿತ್ತು. ನೋಟುಬುಕ್ಕು ಚಾಚಿದಳು. ಮೇಷ್ಟ್ರು ಸಹಿ ಹಾಕಲಿಲ್ಲ. ಎದ್ದು ನಿಂತು, ಇಪ್ಪತ್ತೆರಡು ವರ್ಷದ ಮೇಲೆ ತಮ್ಮ ಮನೆಮಾತಿನಲ್ಲಿ ಹೇಳಿದರು.

"ಅಮ್ಮಾ, ನೀನು ನಿನ್ನ ಮಗುವಿನೊಂದಿಗೆ ಮಾತನಾಡು. ಮಲಗುವ ಮುನ್ನ ಅದಕ್ಕೆ ಒಂದು ಕಥೆಯನ್ನು ಹೇಳು."

ಅವಳು ಸುಮ್ಮನೆ ನೋಡಿದಳು. ಮುಖದಲ್ಲಿ ಒಂದು ತಾಳ್ಮೆ ಬಂದು ಕೂತಿತು. ತುಟಿ ಬಿಗಿದು, ಕಣ್ಣಲ್ಲಿ ಧೈರ್ಯ ತುಂಬಿ, ಇನ್ನೂ ಏನಾದರೂ ಬರುವುದಿದ್ದರೆ ಬರಲಿ ಎಂದು ಕಾಯುವ ತಾಳ್ಮೆ. ಮೇಷ್ಟ್ರಿಗೆ ಆ ಮುಖ ಚೆನ್ನಾಗಿ ಪರಿಚಯವಿತ್ತು. ಅವಳು ಅವರಿಗಾಗಿ ಐದು ಎಣಿಸುತ್ತಿದ್ದಳು.

"ಮೇಷ್ಟ್ರೇ!" ಎಂದಳು ಆಮೇಲೆ, ನಗರದ ಭಾಷೆಯಲ್ಲಿ. "ಇದು ನಮ್ಮ ಮಾತು! ನೀವು ನಮ್ಮ ಮಾತು ಕಲೀತಾ ಇದ್ದೀರಾ?"

ಮೇಷ್ಟ್ರು ಬಾಯಿ ತೆರೆದರು.

"ಅಯ್ಯೋ, ಯಾರೂ ಕಲಿಯಲ್ಲ ಮೇಷ್ಟ್ರೇ ನಮ್ಮ ಮಾತು. ಯಾರಿಗೆ ಬೇಕು ಅದು? ಎಷ್ಟು ದಿನ ಆಯ್ತು ಶುರು ಮಾಡಿ?"

"ಬಹಳ... ಬಹಳ ದಿನ."

"ಬಹಳ ದಿನಾನಾ?" ಅವಳು ಒಂದು ಗಳಿಗೆ ಯೋಚಿಸಿದಳು. ನೋವಾಗದಂತೆ ಹೇಳುವುದು ಹೇಗೆಂದು ಯೋಚಿಸುತ್ತಿದ್ದಳು. "ಇರಲಿ. ನಿಧಾನಕ್ಕೆ ಬರುತ್ತೆ. ಎಲ್ಲ ಅರ್ಥ ಆಯ್ತು ನನಗೆ. ಸ್ವಲ್ಪ ಪುಸ್ತಕದ ಥರ ಇದೆ, ನಾವು ಹಾಗೆ ಹೇಳಲ್ಲ. ಹೇಗೆ ಹೇಳ್ತೀವಿ ಅಂತ ಈಗ್ಲೇ ಹೇಳಿಕೊಡ್ತಿದ್ದೆ. ಆದ್ರೆ ನಿಯಮ ಇದೆಯಲ್ಲ."

"ನಾನು ಅಭ್ಯಾಸಕ್ಕೆ ಹೇಳಲಿಲ್ಲ" ಎನ್ನಬೇಕೆಂದು ಮೇಷ್ಟ್ರಿಗೆ ಅನಿಸಿತು. ಯಾವ ಭಾಷೆಯಲ್ಲಿ ಎನ್ನಬೇಕೆಂದು ತೋಚಲಿಲ್ಲ. ಒಂದರಲ್ಲಿ ಹೇಳಿದರೆ ಅಪ್ಪಣೆಯಾಗುತ್ತಿತ್ತು, ಇನ್ನೊಂದರಲ್ಲಿ ಹೇಳಿದರೆ ಇನ್ನೊಂದು ಅಭ್ಯಾಸವಾಕ್ಯವಾಗುತ್ತಿತ್ತು.

"ಒಂದು ವರ್ಷ ಆದ ಮೇಲೆ ನಾನೇ ಕೂತು ಹೇಳಿಕೊಡ್ತೀನಿ" ಎಂದಳು ಅವಳು. "ಅಲ್ಲೀ ತನಕ ದಿನಕ್ಕೊಂದು ಕೆಲಸ ಹಿಡ್ಕೊಳ್ಳಿ ಮೇಷ್ಟ್ರೇ. ಬರೀ ವಾಕ್ಯ ಬೇಡ. ಒಬ್ಬರ ಹತ್ರ ಹೋಗಿ ನಮ್ಮ ಮಾತಲ್ಲಿ ಏನಾದ್ರೂ ಕೇಳಿ. ಬೈಸ್ಕೊಳ್ಳಿ, ಪರವಾಗಿಲ್ಲ. ಮೊದಲನೇ ಪುಟದಲ್ಲಿ ಯಾಕೆ ಕಲೀತಿದ್ದೀನಿ ಅಂತ ಬರೀರಿ. ಅದಿಲ್ಲದಿದ್ರೆ ಮುಂದೆ ಹೋಗಲ್ಲ. ನೀವೇ ತಾನೇ ಹೇಳಿದ್ದು?"

"ಹೌದು" ಎಂದರು ಮೇಷ್ಟ್ರು.

"ವಾಕ್ಯ ಮಾತ್ರ ಒಳ್ಳೇದು ಆರಿಸ್ಕೊಂಡಿದ್ದೀರಿ" ಎಂದಳು. ಅಷ್ಟು ಹೇಳುವಾಗ ಮಾತ್ರ ಅವಳು ಅವರನ್ನು ನೋಡಲಿಲ್ಲ. ಚೀಲದ ಪಟ್ಟಿ ಸರಿಮಾಡಿಕೊಂಡಳು. "ಸಹಿ ಮೇಷ್ಟ್ರೇ."

ಮೇಷ್ಟ್ರು ಸಹಿ ಹಾಕಿದರು. ಎಂಬತ್ತಮೂರು. ಅವಳು ಎರಡೆರಡು ಮೆಟ್ಟಿಲು ಹಾರುತ್ತ ಇಳಿದು ಹೋದ ಸಪ್ಪಳ ಕೇಳಿಸಿತು. ಅವಳ ಮೇಲೆ ಅವರಿಗೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಇಷ್ಟು ಮೃದುವಾಗಿ, ಇಷ್ಟು ಸರಿಯಾಗಿ ಅವರಿಗೆ ಯಾರೂ ಪಾಠ ಹೇಳಿರಲಿಲ್ಲ. ಮೊದಲನೇ ಪುಟದಲ್ಲಿ ಏನು ಬರೆಯಬೇಕೆಂದು ಯೋಚಿಸುತ್ತ ಅವರು ಕಿಟಕಿಯ ಹತ್ತಿರ ಹೋದರು.

ಕೆಳಗೆ ಗೇಟಿನ ಬಳಿ ಟೈರಿನವನು ನಿಂತಿದ್ದ. ಹೆಂಡತಿ ಬರುತ್ತಲೇ ಅವಳ ಮುಖವನ್ನು ಹುಡುಕಿದ. ಅವಳು ಏನೋ ಹೇಳಿ ನಕ್ಕಳು, ನಗರದ ಭಾಷೆಯಲ್ಲೇ ಇರಬೇಕು. ಅವನ ಭುಜ ಇಳಿಯಿತು.

ಹುಡುಗಿ ಮಾತ್ರ ಓಡಿ ಬಂದು ತಾಯಿಯ ಮುಂದೆ ನಿಂತು ಕೈಯೆತ್ತಿತು. ಎರಡು ಬೆರಳನ್ನು ಕೆನ್ನೆಗೆ ತಾಕಿಸಿ, ಮುಷ್ಟಿ ಕಟ್ಟಿ, ಬಿಚ್ಚಿತು. ಇಸ್ತ್ರಿಯಮ್ಮ ಅಲ್ಲೇ ರಸ್ತೆಯಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಅವಳ ಕೈಗಳೂ ಎದ್ದವು. ಹೊಟ್ಟೆಯ ಮುಂದೆ ದೊಡ್ಡ ಗುಂಡು ಮಾಡಿದಳು, ಹಣೆಯ ಮೇಲೆ ಎರಡು ಉಂಗುರ ಇಟ್ಟಳು, ತಲೆಯನ್ನು ಹಿಂದಕ್ಕೆ ಬಾಗಿಸಿದಳು. ಸಾಹೇಬರು! ಹುಡುಗಿ ಕಿಲಕಿಲ ನಕ್ಕಿತು. ಅಲ್ಲಿಂದ ಮುಂದೆ ಮೇಷ್ಟ್ರಿಗೆ ಹಿಡಿಯಲು ಆಗಲಿಲ್ಲ. ತಾಯಿಯ ಬೆರಳುಗಳು ಗಾಳಿಯಲ್ಲಿ ಎಲ್ಲಿಂದೆಲ್ಲಿಗೋ ಹೋದವು, ಮಗು ತಡೆದು ಏನೋ ಕೇಳಿತು, ತಾಯಿ ಮೂಗಿನ ತುದಿ ಮುಟ್ಟಿ ಉತ್ತರ ಕೊಟ್ಟಳು, ಮಗು ಒಪ್ಪಲಿಲ್ಲ, ಕೈ ಬಡಿದು ವಾದ ಮಾಡಿತು. ಅದರಲ್ಲಿ ಕಥೆಯಿತ್ತು, ಜಗಳವಿತ್ತು, ಮುದ್ದಿತ್ತು. ಎಪ್ಪತ್ತೇಳು ಪುಟದಲ್ಲಿ ಬರೆಯದೆ ಬಿಟ್ಟದ್ದೆಲ್ಲ ಅಲ್ಲಿತ್ತು. ಗೆರೆ ಇಲ್ಲದೆ, ಗುರಿ ಇಲ್ಲದೆ, ಯಾರ ಸಹಿಯೂ ಇಲ್ಲದೆ ಇಬ್ಬರೂ ಸೇರಿ ಒಂದು ಭಾಷೆಯನ್ನೇ ಕಟ್ಟಿಕೊಂಡಿದ್ದರು. ಟೈರಿನವನು ಪಕ್ಕದಲ್ಲಿ ನಿಂತು ಅದನ್ನು ಕಾಣದವನ ಹಾಗೆ ರಸ್ತೆ ನೋಡುತ್ತಿದ್ದ. ಅವನಿಗೆ ಮಾತು ಬೇಕಾಗಿತ್ತು. ಕೈಗಳ ಈ ಮೂರನೆಯ ಮಾತಿನಲ್ಲಿ ಅವನೂ ಹೊರಗಿನವನೇ.

ಎಂಥ ಹೆಂಗಸು, ಎಂದುಕೊಂಡರು ಮೇಷ್ಟ್ರು.

ಈಗ ಇಸ್ತ್ರಿಯಮ್ಮ ನೆಟ್ಟಗೆ ಕೂತಳು. ಕತ್ತು ಬಿಗಿದು, ಎರಡೂ ಕೈ ಮೈಗೆ ಅಂಟಿಸಿ, ಬಾಯನ್ನು ಮಾತ್ರ ಗೊಂಬೆಯ ಹಾಗೆ ತೆರೆದು ಮುಚ್ಚಿದಳು, ತೆರೆದು ಮುಚ್ಚಿದಳು. ಹುಡುಗಿ ತಲೆಯೆತ್ತಿ ಎರಡನೆಯ ಮಹಡಿಯ ಕಿಟಕಿಯನ್ನು ನೋಡಿತು. ಇದೊಂದು ಮೇಷ್ಟ್ರಿಗೆ ಅರ್ಥವಾಯಿತು.

ಮಗು ಅವರತ್ತ ಕೈಯೆತ್ತಿ ಬೆರಳುಗಳಲ್ಲಿ ಏನೋ ಕೇಳಿತು. ಸಣ್ಣದೊಂದು ಪ್ರಶ್ನೆ. ಕೇಳಿ, ಕೈ ಕೆಳಗಿಳಿಸದೆ ಕಾಯಿತು.

ಮೇಷ್ಟ್ರು ಬಲಗೈ ಎತ್ತಿದರು. ಎತ್ತಿದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬೆರಳು ಮಡಿಸುವುದೋ, ಬಿಚ್ಚುವುದೋ, ಕೆನ್ನೆಗೆ ತಾಕಿಸುವುದೋ. ಟೈರಿನವನು ಆ ಎತ್ತಿದ ಕೈಯನ್ನು ಕಂಡ. ಹೇಳಿದ್ದೇನೆ ಎಂಬುದಕ್ಕೆ ಅದು ಗುರುತೆಂದುಕೊಂಡಿರಬೇಕು, ಮುಖ ಅರಳಿತು. ಎದೆಯ ಮೇಲೆ ಕೈಯಿಟ್ಟು ತಲೆಬಾಗಿ, ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೊರಟ. ಹುಡುಗಿ ತಿರುಗಿ ತಿರುಗಿ ನೋಡುತ್ತ ಹೋಯಿತು. ಮೂವರೂ ತಿರುವಿನಲ್ಲಿ ಮರೆಯಾದರು.

ಖಾಲಿ ಬೆಂಚುಗಳ ನಡುವೆ ಮೇಷ್ಟ್ರು ಕೈಯೆತ್ತಿಕೊಂಡೇ ನಿಂತಿದ್ದರು, ಉತ್ತರ ಗೊತ್ತಿಲ್ಲದೆಯೂ ಕೈಯೆತ್ತಿಬಿಟ್ಟ ಹುಡುಗನ ಹಾಗೆ. ಕೋಣೆಯಲ್ಲಿ ಅವರನ್ನು ಕೇಳುವವರು ಯಾರೂ ಇರಲಿಲ್ಲ.